ಇಂಚರ ಹಿಂದಕ್ಕೆ ಜಾರುತ್ತಿದ್ದ ವರ್ಷ

ಹೋದ ತಿಂಗಳು ಪೀಣ್ಯದಲ್ಲಿ ಒಂದು ಔಷಧ ಗೋದಾಮು ನೋಡಲು ಹೋಗಿದ್ದೆ. ಲಸಿಕೆ ಇಡುವ ಶೀತಲ ಕೋಣೆಯ ದಪ್ಪ ಬಾಗಿಲನ್ನು ಅಲ್ಲಿನ ಮ್ಯಾನೇಜರು ಎಳೆದು ತೆರೆದರು. ಚಳಿಯ ಜೊತೆಗೆ ಒದ್ದೆ ರಬ್ಬರಿನ ವಾಸನೆಯೊಂದು ಮೂಗಿಗೆ ಬಡಿಯಿತು. ನೆಲಕ್ಕೆ ಹಾಸಿದ್ದ ಕಪ್ಪು ಮ್ಯಾಟಿನದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. “ಸರ್, ಜಾಕೆಟ್ ತರಿಸ್ಲಾ?” ಎಂದರು ಮ್ಯಾನೇಜರು. ಬೇಡವೆಂದೆ. ಅಷ್ಟು ಹೊತ್ತಿಗೆ ನನ್ನ ಮನಸ್ಸು ನೈರೋಬಿಯ ಮೊಂಬಾಸಾ ರಸ್ತೆಯ ಒಂದು ಹೋಟೆಲಿನ ಮೆಟ್ಟಿಲು ಹತ್ತುತ್ತಿತ್ತು.

ಆ ಹೋಟೆಲಿನ ಮೇಲ್ಮಹಡಿಯಲ್ಲಿ ಐಸ್ ರಿಂಕ್ ಇತ್ತು. ಕಿಟಕಿಯಾಚೆ ಧೂಳು, ಲಾರಿ, ಅದರಾಚೆಗೆ ಜಿರಾಫೆಗಳಿರುವ ಹುಲ್ಲುಗಾವಲು. ಒಳಗೆ ಮಂಜುಗಡ್ಡೆಯ ನೆಲ, ಅದರ ಸುತ್ತ ಇದೇ ವಾಸನೆಯ ರಬ್ಬರ್ ಮ್ಯಾಟು. ಊರಿನವರಿಗೆ ಫೋನಿನಲ್ಲಿ ಹೇಳಿದರೆ ನಗುತ್ತಿದ್ದರು. ನಾನಾಗ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮವರದೇ ಒಂದು ಮಾತ್ರೆ ಕಾರ್ಖಾನೆಯಲ್ಲಿ ಉತ್ಪಾದನೆಯ ಉಸ್ತುವಾರಿಯಲ್ಲಿದ್ದೆ. ಮನೆ ಸೌತ್ ಸಿ ಎಂಬ ಬಡಾವಣೆಯಲ್ಲಿ. ಹೆಂಡತಿ ಸುಮಾ ಮನೆಯಲ್ಲೇ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಒಬ್ಬಳೇ ಮಗಳು ಇಂಚರ. ನಾಲ್ಕು ವರ್ಷದವಳಿದ್ದಾಗ ಅಲ್ಲಿಗೆ ಬಂದವಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವಳು.

ಯಾರದೋ ಹುಟ್ಟುಹಬ್ಬಕ್ಕೆಂದು ಆ ರಿಂಕಿಗೆ ಹೋದವಳು ಐಸ್ ಹಾಕಿ ಆಟದ ಹುಚ್ಚು ಹಿಡಿಸಿಕೊಂಡು ಬಂದಳು. ಅಲ್ಲಿ ಶನಿವಾರ, ಭಾನುವಾರ ಒಂದು ತಂಡ ಆಡುತ್ತಿತ್ತು. ಗಂಡು, ಹೆಣ್ಣು, ಕಾಲೇಜಿನವರು, ಆಫೀಸಿನವರು ಎಲ್ಲ ಒಟ್ಟಿಗೆ. ಇಂಚರ ಎಂದು ಕರೆಯಲು ಅವರಿಗೆ ಪುರುಸೊತ್ತಿರಲಿಲ್ಲ, ‘ಇಂಚ್’ ಮಾಡಿದರು. ಕೇಳಿ ಸುಮಾಳಿಗೆ ಸಿಟ್ಟು. “ಅಷ್ಟು ಚೆನ್ನಾಗಿರೋ ಹೆಸರನ್ನ ಸ್ಕೇಲ್ ಮೇಲೆ ಇಟ್ಬಿಟ್ರಲ್ರೀ.”

ಮಗಳನ್ನು ಬಿಟ್ಟು ಬರಲು ಹೋಗುತ್ತಿದ್ದ ನಾನೂ ಒಂದು ದಿನ ಒಳಗೆ ಇಳಿದೆ. ಗೋಲಿನಲ್ಲಿ ನಿಲ್ಲಲು ಯಾರೂ ಒಪ್ಪುತ್ತಿರಲಿಲ್ಲ. ಮೈಸೂರಿನ ಕಾಲೇಜಿನಲ್ಲಿ ಮಣ್ಣಿನ ಅಂಕಣದ ಹಾಕಿಯಲ್ಲಿ ಗೋಲು ಕಾಯುವ ಗೋಲಿಯಾಗಿದ್ದೆನೆಂದು ಬಾಯಿಬಿಟ್ಟದ್ದೇ ತಡ, ಎದೆಗೆ, ಕಾಲಿಗೆ ದಿಂಬುಗಳಂಥ ಪ್ಯಾಡು ಕಟ್ಟಿ ನಿಲ್ಲಿಸಿದರು. ನನಗೆ ಸ್ಕೇಟಿಂಗ್ ಬರುತ್ತಿರಲಿಲ್ಲ. ಗೋಲಿಯಾದವನು ಹೆಚ್ಚು ದೂರ ಹೋಗಬೇಕಾಗಿಲ್ಲ ಎಂದು ಸಮಾಧಾನ ಹೇಳಿದರು. ಅಂದಿನಿಂದ ಅಲ್ಲಿ ನಾನು ‘ಬಾಬಾ ಇಂಚ್’, ಅಂದರೆ ಇಂಚಿನ ಅಪ್ಪ. ನಲವತ್ತು ದಾಟಿದ ಮೇಲೆ ಮಗಳ ಹೆಸರಿನಿಂದ ನಾನು ಗುರುತಾದೆ. ಹೆಮ್ಮೆಯೇ ಆಯಿತು.

2016ರ ಜನವರಿಯಲ್ಲಿ ಕ್ಲೇರ್ ಬಂದಳು. ಕೆನಡಾದವಳು, ಗಂಡನ ರಾಜತಾಂತ್ರಿಕ ಕೆಲಸದ ಮೇಲೆ ಮುಥೈಗಾದಲ್ಲಿ ಇಳಿದಿದ್ದಳು. ಚಿಕ್ಕಂದಿನಿಂದ ಆಡಿದವಳು, ಕಲಿಸಲು ಸಂಬಳ ಕೇಳದವಳು. ಮೊದಲ ದಿನವೇ ಇಂಚರ ಹಿಂದಕ್ಕೆ ಜಾರುವುದನ್ನು ನೋಡಿ, “ಈ ಹುಡುಗಿ ಡಿಫೆನ್ಸ್” ಎಂದು ತೀರ್ಮಾನ ಕೊಟ್ಟಳು.

ಹಿಂದಕ್ಕೆ ಜಾರುವುದೇ ಆ ಕೆಲಸದ ಜೀವಾಳ ಎಂಬುದು ನನಗೂ ಆಗಲೇ ಗೊತ್ತಾದದ್ದು. ಎದುರಾಳಿ ಪಕ್ ಎಂಬ ಆ ಕರಿಯ ರಬ್ಬರ್ ಬಿಲ್ಲೆಯನ್ನು ಕೋಲಿನಲ್ಲಿ ತಳ್ಳಿಕೊಂಡು ಓಡಿ ಬರುತ್ತಾನೆ. ತಡೆಯುವವಳು ಅವನಿಗೆ ಬೆನ್ನು ತೋರಿಸುವಂತಿಲ್ಲ. ಅವನ ಕಡೆಗೆ ಮುಖ ಇಟ್ಟುಕೊಂಡೇ, ಹಿಮ್ಮಡಿಯಿಂದ ಅರ್ಧಚಂದ್ರ ಕೊರೆಯುತ್ತ, ಅವನಷ್ಟೇ ವೇಗದಲ್ಲಿ ಹಿಂದಕ್ಕೆ ಸರಿಯಬೇಕು. ನಡುವೆ ಒಂದು ಕೋಲಿನ ದೂರ. ಹತ್ತಿರ ಹೋದರೆ ಪಕ್ಕದಿಂದ ನುಸುಳುತ್ತಾನೆ. ದೂರ ಬಿಟ್ಟರೆ ನಿಂತು ಹೊಡೆಯುತ್ತಾನೆ. ಹಾಗೇ ಸರಿಯುತ್ತ ಸರಿಯುತ್ತ ಅವನನ್ನು ಪಕ್ಕದ ಗೋಡೆಗೆ ಒತ್ತಿಕೊಂಡು ಹೋಗಬೇಕು. ಗೋಡೆಗೆ ಒತ್ತಿದ ಮೇಲೆ ಅವನಿಗೆ ದಾರಿಯಿಲ್ಲ.

“ಪಕ್ ನೋಡಬೇಡ, ಅದು ಸುಳ್ಳು ಹೇಳತ್ತೆ. ಕಣ್ಣೂ ಸುಳ್ಳು ಹೇಳತ್ತೆ,” ಎನ್ನುತ್ತಿದ್ದಳು ಕ್ಲೇರ್. “ಎದೆ ನೋಡು. ಎದೆ ಬಿಟ್ಟು ಮನುಷ್ಯ ಎಲ್ಲಿಗೂ ಹೋಗಲ್ಲ.”

ಡಿಫೆನ್ಸಿನಲ್ಲಿ ಇಬ್ಬರಿರುತ್ತಾರೆ. ಇಂಚರಳ ಜೊತೆಗಾತಿ ವಂಬುಯಿ. ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಗಟ್ಟಿಮುಟ್ಟಾದ ಹುಡುಗಿ, ನಕ್ಕರೆ ರಿಂಕಿನ ಆ ತುದಿಗೆ ಕೇಳಿಸಬೇಕು. ಒಬ್ಬಳು ಮುಂದೆ ನುಗ್ಗಿದರೆ ಇನ್ನೊಬ್ಬಳು ಹಿಂದೆ ಇರಬೇಕೆಂಬುದು ನಿಯಮ. ವಂಬುಯಿಗೆ ನುಗ್ಗುವುದು ಇಷ್ಟ, ಇಂಚರಳಿಗೆ ಉಳಿಯುವುದು. ಹಾಗಾಗಿ ಜೋಡಿ ಕೂಡಿತು.

ಹಿಂದಕ್ಕೆ ಜಾರುವವರಿಗೆ ಬೆನ್ನ ಹಿಂದಿರುವುದು ಕಾಣುವುದಿಲ್ಲ. ಅದನ್ನು ನೋಡಿ ಕೂಗಿ ಹೇಳಬೇಕಾದವನು ಗೋಲಿ. ನಾನು ಕನ್ನಡದಲ್ಲಿ ಕೂಗುತ್ತಿದ್ದೆ. “ಎಡ!” “ಬಲ!” “ಗೋಡೆ!” “ಮಧ್ಯ!” ಎದುರಾಳಿಗಳಿಗೆ ತಿಳಿಯುತ್ತಿರಲಿಲ್ಲ, ವಂಬುಯಿ ಒಂದೇ ವಾರದಲ್ಲಿ ಕಲಿತುಬಿಟ್ಟಳು. ಯಾರನ್ನಾದರೂ ಮೂಲೆಗೆ ಒತ್ತಿದಾಗ “ಗೋಡೆ! ಗೋಡೆ!” ಎಂದು ಅವಳು ಕಿರುಚುವುದನ್ನು ಕೇಳಿ ನಾನು ಹೆಲ್ಮೆಟ್ಟಿನೊಳಗೆ ಒಬ್ಬನೇ ನಗುತ್ತಿದ್ದೆ.

ಒಂದು ಭಾನುವಾರ ಕ್ಲೇರ್ ಅತಿ ಕಷ್ಟದ ಪಾಠ ತೆಗೆದಳು. ಒಬ್ಬ ಡಿಫೆಂಡರಿನ ಮೇಲೆ ಇಬ್ಬರು ಒಟ್ಟಿಗೆ ಬಂದರೆ ಏನು ಮಾಡುವುದು? “ಇಬ್ಬರನ್ನೂ ಹಿಡಿಯಕ್ಕೆ ಹೋದ್ರೆ ಇಬ್ಬರೂ ಸಿಗಲ್ಲ. ಮಧ್ಯದಲ್ಲೇ ಹಿಂದಕ್ಕೆ ಜಾರು. ಒಬ್ಬನಿಂದ ಇನ್ನೊಬ್ಬನಿಗೆ ಪಕ್ ಹೋಗೋ ದಾರಿ ಮುಚ್ಚು. ಹೊಡೆಯೋನನ್ನ ಗೋಲಿಗೆ ಬಿಡು.” ಹೀಗೆಂದು ಅವಳು ಕೋಲೆತ್ತಿ ನನ್ನನ್ನು ತೋರಿಸಿದಳು. ಇಂಚರ ತಿರುಗಿ ನನ್ನನ್ನು ನೋಡಿದಳು. ಅಂದಾಜು ಮಾಡುವಂತಿತ್ತು ಆ ನೋಟ.

ವಾಪಸು ಬರುವಾಗ ಮೊಂಬಾಸಾ ರಸ್ತೆಯ ಜಾಮಿನಲ್ಲಿ ಕೂತಿದ್ದೆವು. ಮನೆಯಲ್ಲಿ ಮಾತೇ ಆಡದ ಹುಡುಗಿ ಆ ಜಾಮಿನಲ್ಲಿ ಮಾತ್ರ ಬಾಯಿ ಬಿಡುವಳು.

“ಅಪ್ಪಾ, ಟೂ ಆನ್ ಒನ್ ಬಂದ್ರೆ, ಪಾಸ್ ಈಸ್ ಮೈನ್. ಶಾಟ್ ಈಸ್ ಯುವರ್ಸ್. ಓಕೆ?”

“ಓಕೆ.”

“ಪ್ರಾಮಿಸ್? ನೀನು ಬಿಟ್ರೆ ಐ ವಿಲ್ ಲುಕ್ ಸ್ಟುಪಿಡ್.”

“ಪ್ರಾಮಿಸ್ ಕಣೇ.”

ಮನೆಯ ಉದ್ದನೆಯ ಪಡಸಾಲೆಯಲ್ಲಿ ಸಾಕ್ಸ್ ಹಾಕಿಕೊಂಡು ಹಿಂದಕ್ಕೆ ಜಾರುವ ಅಭ್ಯಾಸ ನಡೆಯುತ್ತಿತ್ತು. ಅಡುಗೆಮನೆಯಿಂದ ಬರುವ ಸುಮಾಳಿಗೆ ಡಿಕ್ಕಿ. “ಮುಂದೆ ನೋಡ್ಕೊಂಡು ನಡಿಯೇ ತಾಯಿ. ಮೇ ತಿಂಗಳಲ್ಲಿ ಪರೀಕ್ಷೆ ಇದೆ. ಹಿಂದ್‌ಹಿಂದೆ ಹೋಗೋರಿಗೆ ಯಾರು ಮಾರ್ಕ್ಸ್ ಕೊಡ್ತಾರೆ?” ಇಂಚರ ಓದುತ್ತಿದ್ದ ಬ್ರಿಟಿಷ್ ಪದ್ಧತಿಯ ಶಾಲೆಯಲ್ಲಿ ಅದು ನಮ್ಮ ಎಸ್ಸೆಸ್ಸೆಲ್ಸಿಯಂಥ ದೊಡ್ಡ ಪರೀಕ್ಷೆಯ ವರ್ಷ. ಆಟ ಬಿಡಿಸು ಎಂದು ಸುಮಾ ಹೇಳಲಿಲ್ಲ. ನೋಡಲು ಬರಲೂ ಇಲ್ಲ. “ನಂಗೆ ಆಗಲ್ಲ, ನೀವಿಬ್ರೂ ಹೋಗಿ,” ಎನ್ನುವಳು.

ಏಪ್ರಿಲಿನಲ್ಲಿ ದೊಡ್ಡ ಮಳೆ ಹಿಡಿಯಿತು. ತಿಂಗಳ ಕೊನೆಯ ಒಂದು ಶನಿವಾರ ಮುಥೈಗಾ, ರಿವರ್‌ಸೈಡ್ ಕಡೆಯ ರಾಯಭಾರ ಕಚೇರಿಗಳವರು ಸೇರಿ ಕಟ್ಟಿದ ತಂಡದೊಡನೆ ನಮ್ಮ ಪಂದ್ಯ. ಪರೀಕ್ಷೆಗೆ ಮುಂಚಿನ ಕಡೆಯ ಆಟವೆಂದು ಇಂಚರ ಬೇಡಿದ್ದಕ್ಕೆ ಅಂದು ಸುಮಾಳೂ ಬಂದಳು. ಶಾಲು ಹೊದ್ದು, ಗಾಜಿನ ಆಚೆ, ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಳು. ಮಧ್ಯಾಹ್ನ ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು. ಜನರೇಟರು ಗುಂಯ್‌ಗುಟ್ಟಿತು. ಮಂಜಿನ ಮೇಲೆ ತೆಳ್ಳಗೆ ನೀರು ಕೂತಿತ್ತು. ಎರಡೂ ತಂಡದವರು ನೋಡಿದರು, ಕಾಲಲ್ಲಿ ಒತ್ತಿದರು, ಆಡಬಹುದು ಅಂದರು. ಅಂಥ ಮಂಜಿನ ಮೇಲೆ ನಾವು ಎಷ್ಟೋ ಸಲ ಆಡಿದ್ದೆವು.

ಆಟ ಸಮಸಮ ನಡೆಯಿತು. ಮುಗಿಯಲು ಸ್ವಲ್ಪ ಇದ್ದಾಗ ಪಕ್ ಎದುರಾಳಿಯ ಅಂಕಣದ ಗೋಡೆಗೆ ತಾಗಿ ಸಡಿಲವಾಗಿ ಹೊರಬಂತು. ವಂಬುಯಿ ಅದರ ಮೇಲೆ ನುಗ್ಗಿದಳು. ಸಿಕ್ಕಿದ್ದರೆ ಗೋಲಾಗುತ್ತಿತ್ತು. ಅವಳ ಕೋಲಿಗೆ ಕೂದಲೆಳೆಯಲ್ಲಿ ತಪ್ಪಿ ಅದು ಅವರಿಗೆ ಸಿಕ್ಕಿತು. ಇಬ್ಬರು ಹೊರಟರು. ನಡುವೆ ಇದ್ದವಳು ಇಂಚರ ಒಬ್ಬಳೇ, ಅವಳ ಹಿಂದೆ ನಾನು.

“ಮಧ್ಯ!” ಎಂದು ಕೂಗಿದೆ. ಕೂಗುವ ಮೊದಲೇ ಅವಳು ಮಧ್ಯದಲ್ಲಿದ್ದಳು. ಮಂಡಿ ಬಾಗಿಸಿ, ಕೋಲು ಮಂಜಿಗೆ ತಾಗಿಸಿ, ಬೆನ್ನು ನನ್ನ ಕಡೆ ಮಾಡಿ ಹಿಂದಕ್ಕೆ ಹಿಂದಕ್ಕೆ ಬರುತ್ತಿದ್ದಳು. ಎಡಗಡೆಯವನು ಜೊತೆಗಾರನಿಗೆ ಪಕ್ ಕೊಡುವಂತೆ ನಟಿಸಿದ. ಅವಳು ನಂಬಲಿಲ್ಲ. ಮತ್ತೊಮ್ಮೆ ನಟಿಸಿದ. ಅವಳ ಕೋಲು ಆ ದಾರಿಯಿಂದ ಅಲುಗಲಿಲ್ಲ. ಬೇರೆ ದಾರಿಯಿಲ್ಲದೆ ಅವನು ಹೊಡೆದ. ಪಕ್ ನನ್ನ ಎಡಗೈಯ ಗ್ಲೌಸಿಗೆ ಬಂದು ಬಿತ್ತು. ಹಿಡಿದೆ. ಅವಳಿಗೆ ಕೊಟ್ಟ ಮಾತು ಉಳಿಸಿಕೊಂಡೆ ಎಂಬ ಸಂತೋಷ ಒಂದು ಕ್ಷಣ ಮೈಯೆಲ್ಲ ಹರಿಯಿತು.

ಅದೇ ಕ್ಷಣ ಮೆತ್ತಗಾದ ಮಂಜಿನಲ್ಲಿ ಅವಳ ಸ್ಕೇಟಿನ ಹಿಮ್ಮಡಿ ಕಚ್ಚಿಕೊಂಡಿತು. ಮರ ಉರುಳುವ ಹಾಗೆ ಅವಳು ನೇರವಾಗಿ ಹಿಂದಕ್ಕೆ ಬಿದ್ದಳು. ಹೆಲ್ಮೆಟ್ಟು ಮಂಜಿಗೆ ಬಡಿದ ಸದ್ದು ದೊಡ್ಡದೇನಲ್ಲ. ತೆಂಗಿನಕಾಯಿ ಕಲ್ಲಿಗೆ ತಾಗಿದ ಹಾಗೆ. ನಾನು ಕೈಚಾಚಿದರೆ ಸಿಗುವುದಕ್ಕೆ ಸ್ವಲ್ಪ ಆಚೆ. ಆ ಪ್ಯಾಡುಗಳಲ್ಲಿ ಬೇಗ ಏಳಲು ಬರುವುದಿಲ್ಲ. ಮಂಡಿಯ ಮೇಲೆ ತೆವಳಿಕೊಂಡು ಹೋದೆ.

ಕಣ್ಣು ತೆರೆದು ನನ್ನನ್ನು ನೋಡಿದಳು. “ಅಪ್ಪಾ, ಗೋಲಾಯ್ತಾ?”

“ಇಲ್ಲಮ್ಮಾ. ಹಿಡಿದೆ.”

ಮುಖದಲ್ಲಿ ನಗು ಬಂತು. ಕ್ಲೇರ್ ಓಡಿ ಬಂದು ತಲೆ ಅಲುಗಿಸಬೇಡಿ ಎಂದಳು. ಇಂಚರ ಅವಳನ್ನು ನೋಡಿ, ನನ್ನನ್ನು ನೋಡಿ, “ಅಪ್ಪಾ, ಗೋಲಾಯ್ತಾ?” ಎಂದಳು.

ಆಂಬುಲೆನ್ಸಿಗೆ ಫೋನು ಮಾಡಿದರೆ ರಸ್ತೆಯಲ್ಲಿ ನೀರು, ತಡವಾಗುತ್ತದೆ ಎಂದರು. ಹೊರಗೆ ನಿಲ್ಲಿಸಿದ್ದ ನಮ್ಮ ಕಾರಿಗೇ ಮೆಲ್ಲಗೆ ಇಳಿಸಿದೆವು. ಹಿಂದಿನ ಸೀಟಿನಲ್ಲಿ ವಂಬುಯಿ ಎರಡೂ ಕೈಯಲ್ಲಿ ಅವಳ ತಲೆ ಹಿಡಿದುಕೊಂಡು ಕೂತಳು. ಗೋಲಿಯ ಬನಿಯನ್ನಿನಲ್ಲೇ ನಾನು ಕಾರು ನಡೆಸಿದೆ. ನಡೆಸುವುದೇನು ಬಂತು, ಮೊಂಬಾಸಾ ರಸ್ತೆ ಪೂರ್ತಿ ನಿಂತಿತ್ತು. ಮುಂದೆ ಲಾರಿ, ಪಕ್ಕದಲ್ಲಿ ಜನ ತುಂಬಿದ ಮಟಾಟು ವ್ಯಾನು, ಚಕ್ರದ ಅರ್ಧಕ್ಕೆ ನೀರು.

“ಅಪ್ಪಾ, ಗೋಲಾಯ್ತಾ?”

“ಇಲ್ಲಮ್ಮಾ.”

“ಅಪ್ಪಾ, ಡಿಡ್ ದೇ ಸ್ಕೋರ್?”

ಸುಮಾ ನನ್ನ ತೋಳು ಹಿಡಿದಳು. “ರೀ, ಅದನ್ನೇ ಕೇಳ್ತಿದಾಳಲ್ರೀ. ಯಾಕ್ರೀ ಅದನ್ನೇ ಕೇಳ್ತಿದಾಳೆ?” ಹಾರ್ನ್ ಒತ್ತಿದೆ. ನಗರದಲ್ಲಿ ಎಲ್ಲರೂ ಒತ್ತುತ್ತಿದ್ದರು. ಆಸ್ಪತ್ರೆ ಸೇರುವವರೆಗೆ ಅವಳು ಅದೊಂದೇ ಪ್ರಶ್ನೆ ಕೇಳಿದಳು, ನಾನು ಅದೊಂದೇ ಉತ್ತರ ಹೇಳಿದೆ.

ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ರಕ್ತ ಇಲ್ಲ, ಬಿರುಕು ಇಲ್ಲ. ಸುಮಾ ಅಲ್ಲೇ ಗೋಡೆಗೆ ಹಣೆ ಹಚ್ಚಿ ದೇವರಿಗೆ ಹರಕೆ ಹೊತ್ತಳು. ಡಾಕ್ಟರು ವಯಸ್ಸಾದವರು, ಸಮಾಧಾನಿ. ತಲೆಬುರುಡೆಯೊಳಗೆ ಮಿದುಳು ಜೋರಾಗಿ ಅಲುಗಿದೆ, ಕಾಲವೇ ಔಷಧಿ ಎಂದರು. ಕತ್ತಲೆ ಕೋಣೆ, ವಿಶ್ರಾಂತಿ, ಓದು ಬೇಡ, ಫೋನು ಬೇಡ, ಟಿವಿ ಬೇಡ. ಬಹಳ ಜನಕ್ಕೆ ಕೆಲವೇ ವಾರದಲ್ಲಿ ಸರಿಹೋಗುತ್ತದೆ.

ಆ ‘ಬಹಳ ಜನ’ರಲ್ಲಿ ನಮ್ಮ ಮಗಳು ಇರಲಿಲ್ಲ.

ಮೇ ಬಂತು. ಅವಳ ಗೆಳತಿಯರು ಪರೀಕ್ಷೆಗೆ ಹೋಗುವಾಗ ಇಂಚರ ಕಿಟಕಿಗೆ ಕಂಬಳಿ ಕಟ್ಟಿದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆಳಕು ಕಣ್ಣಿಗೆ ಸೂಜಿಯಂತೆ ಚುಚ್ಚುತ್ತಿತ್ತು. ಸದ್ದು ಇನ್ನೂ ಕಷ್ಟ. ಸುಮಾ ಕುಕ್ಕರು ಎತ್ತಿಟ್ಟು ಪಾತ್ರೆಯಲ್ಲಿ ಅನ್ನ ಬಸಿಯತೊಡಗಿದಳು. ಸ್ಟೀಲಿನ ತಟ್ಟೆ ಹೋಗಿ ಪ್ಲಾಸ್ಟಿಕ್ಕು ಬಂತು. ಟ್ಯೂಷನ್ ನಿಂತಿತು. ಒಗ್ಗರಣೆ ಸಿಡಿದರೂ ಒಳಗಿನಿಂದ “ಅಮ್ಮಾ, ಪ್ಲೀಸ್!” ಎಂಬ ಕೂಗು. ಮಾತಿನ ಮಧ್ಯೆ ಪದಗಳು ಅವಳಿಗೆ ಸಿಗುತ್ತಿರಲಿಲ್ಲ. “ಅದು ಕೊಡು… ಅದು… ನೀರು ಕುಡಿಯೋ…” ಎಂದು ಕೈಯಲ್ಲಿ ಲೋಟದ ಆಕಾರ ಮಾಡಿ ತೋರಿಸುವಳು. ನಾವು ಬೇಗ ‘ಲೋಟ’ ಎಂದರೆ ಸಿಟ್ಟಾಗುವಳು. ಅನ್ನದೆ ಕಾದರೆ ಅಳುವಳು.

ನೈರೋಬಿಯ ಕನ್ನಡಿಗರು ಒಳ್ಳೆಯವರು. ಎಲ್ಲರೂ ಫೋನು ಮಾಡಿದರು. ಒಬ್ಬರು ಬ್ರಾಹ್ಮಿ ಎಣ್ಣೆ ಕಳಿಸಿದರು, ಒಬ್ಬರು ದೃಷ್ಟಿ ತೆಗೆಸಿ ಎಂದರು. ಸುಮಾ ಎರಡನ್ನೂ ಮಾಡಿದಳು. ನಾನು ಕಾರ್ಖಾನೆಗೆ ಹೋಗಿ ಬರುತ್ತಿದ್ದೆ. ನನ್ನ ಕಣ್ಣೆದುರಿಗೆ ತಲೆನೋವಿನ ಮಾತ್ರೆ ಮಳೆಯ ಹಾಗೆ ಸುರಿಯುತ್ತಿತ್ತು. ಪೂರ್ವ ಆಫ್ರಿಕಾದ ಅರ್ಧ ತಲೆನೋವು ನಮ್ಮದೇ ಯಂತ್ರದಲ್ಲಿ ವಾಸಿಯಾಗುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದ ಕಾಲವೂ ಇತ್ತು. ಆದರೆ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: “ದಿನಾ ಮಾತ್ರೆ ಕೊಟ್ಟರೆ ಮಾತ್ರೆಯಿಂದಲೇ ತಲೆನೋವು ಶುರುವಾಗುತ್ತದೆ. ಸಹಿಸಿಕೊಳ್ಳಲಿ.” ನಮ್ಮ ಮಾತ್ರೆ ನನ್ನ ಮಗಳಿಗೆ ಬರಲಿಲ್ಲ.

ಜೂನಿನ ಆ ಬೂದು ಚಳಿಯಲ್ಲಿ, ಸೂರ್ಯ ಕಾಣದ ಒಂದು ಸಂಜೆ, ನಮ್ಮ ಗೇಟಿನ ಹತ್ತಿರ ಮಟಾಟುವೊಂದು ಜನ ತುಂಬಿಸಿಕೊಳ್ಳಲು ನಿಂತಿತು. ಒಳಗೆ ಹಾಡಿನ ಅಬ್ಬರ, ನಮ್ಮ ಕಿಟಕಿ ಗಾಜು ನಡುಗುವಷ್ಟು. ಒಳಗಿನಿಂದ ಇಂಚರ ನರಳುವುದು ಕೇಳಿ ಬರಿಗಾಲಲ್ಲೇ ಕೆಳಗಿಳಿದೆ. ಬಾಗಿಲಲ್ಲಿ ಜೋತುಬಿದ್ದಿದ್ದ ಕಂಡಕ್ಟರನಿಗೆ, ಮೇಲೆ ಮಗಳಿಗೆ ಹುಷಾರಿಲ್ಲ, ತಲೆಗೆ ಏಟಾಗಿದೆ ಎಂದು ಕೈಮುಗಿದೆ. ಅವನು ಮೇಲೆ ಕಿಟಕಿ ನೋಡಿದ. “ಪೋಲೆ, ಬಾಬಾ,” ಎಂದ. ತಪ್ಪಾಯ್ತು ಎಂಬುದನ್ನು ಪಾಪ, ನೊಂದುಕೊಂಡೇ ಹೇಳಿದ. ಡ್ರೈವರಿಗೆ ತಟ್ಟಿ ಹಾಡು ನಿಲ್ಲಿಸಿದ. ನಾನು “ಅಸಾಂಟೆ” ಎಂದು ಧನ್ಯವಾದ ಹೇಳಿ ತಿರುಗಿ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಹೋಗಿ ಇನ್ನೊಂದು ಮಟಾಟು ಬಂದು ನಿಂತಿತು, ಇನ್ನೂ ಜೋರಾಗಿ. ಮತ್ತೆ ಇಳಿದೆ. ಅವನೂ ಒಳ್ಳೆಯವನೇ. ನಿಲ್ಲಿಸಿದ. ಅವನ ಹಿಂದೆ ಮತ್ತೊಂದು ಬಂತು. ರಸ್ತೆಯುದ್ದಕ್ಕೂ ದೀಪ ಮಿನುಗಿಸುತ್ತ ಬರುತ್ತಿರುವ ಆ ಸಾಲನ್ನು ನೋಡಿ ಗೇಟಿನ ಕಟ್ಟೆಯ ಮೇಲೆ ಕೂತುಬಿಟ್ಟೆ.

ಮೇಲೆ ಹೋದಾಗ ಸುಮಾ ಕತ್ತಲಲ್ಲಿ ನಿಂತಿದ್ದಳು. ಪಿಸುಮಾತಿನಲ್ಲೇ ಹೇಳಿದಳು, ನಮ್ಮ ಮನೆಯಲ್ಲಿ ಆಗ ಜಗಳವೂ ಪಿಸುಮಾತಿನದೇ. “ನೀವು ಅಲ್ಲೇ ಇದ್ರಲ್ಲ. ಹಿಂದೇನೇ ಇದ್ರಲ್ಲ.”

“ಇದ್ದೆ,” ಎಂದೆ.

ವಂಬುಯಿ ವಾರದಲ್ಲಿ ಎರಡು ಮೂರು ಸಲ ಬರುತ್ತಿದ್ದಳು. ಬಾಗಿಲಲ್ಲೇ ಶೂ ಬಿಚ್ಚಿ, ಆ ದೊಡ್ಡ ನಗುವನ್ನೂ ಅಲ್ಲೇ ಬಿಟ್ಟು, ಕತ್ತಲೆ ಕೋಣೆಯ ನೆಲದ ಮೇಲೆ ಕೂತು ಇಂಚರಳ ಕೂದಲು ಹೆಣೆಯುವಳು. ಒಮ್ಮೆ ಹೊರಡುವಾಗ ಮೆಟ್ಟಿಲ ಬಳಿ ನನ್ನನ್ನು ತಡೆದಳು. “ಬಾಬಾ ಇಂಚ್, ನಾನು ಹೋದೆ. ಪಕ್ ಕಾಣಿಸ್ತು, ಹೋದೆ. ಉಳಿದಿದ್ರೆ ಅವಳು ಒಬ್ಬಳೇ ಆಗ್ತಿರಲಿಲ್ಲ.” ಅವಳ ಗಲ್ಲ ಒದ್ದೆಯಾಗಿತ್ತು. “ನಿನ್ನ ಜಾಗದಲ್ಲಿ ಯಾರಿದ್ರೂ ಹೋಗ್ತಿದ್ರು ಮಗಳೇ,” ಎಂದೆ. ನಿಜವನ್ನೇ ಹೇಳಿದೆ. ಅವಳಿಗೆ ಅದರಿಂದ ಏನೂ ಪ್ರಯೋಜನವಾಗಲಿಲ್ಲ.

ಆ ದಿನದ ಆಟ ಇಂಚರಳ ನೆನಪಿನಿಂದ ಪೂರ್ತಿ ಅಳಿಸಿಹೋಗಿತ್ತು. ಬೆಳಿಗ್ಗೆ ಇಡ್ಲಿ ತಿಂದದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ಚಾವಣಿ. ಜುಲೈನಲ್ಲಿ ಒಂದು ದಿನ, ನಾನು ಪಕ್ಕದಲ್ಲಿ ಕೂತಿದ್ದಾಗ ಕೇಳಿದಳು. “ಯಾರೂ ಸರಿಯಾಗಿ ಹೇಳ್ತಿಲ್ಲ. ನೀನು ಹೇಳು. ಫ್ರಮ್ ದ ಬಿಗಿನಿಂಗ್.”

ಹೇಳಿದೆ. ಪಕ್ ಗೋಡೆಗೆ ತಾಗಿದ್ದು, ಇಬ್ಬರು ಬಂದದ್ದು, ಅವನ ಎರಡು ನಟನೆ, ಅವಳ ಕೋಲು ಅಲುಗದೆ ಇದ್ದದ್ದು. ಕತ್ತಲಲ್ಲಿ ಅವಳ ಉಸಿರು ಕೇಳುತ್ತಿತ್ತು.

“ಗ್ಯಾಪ್ ಸರಿ ಇತ್ತಾ?”

“ಒಂದು ಕೋಲು. ಅಳತೆ ಹಾಕಿದ ಹಾಗೆ.”

“ಸೋ ಐ ಡಿಡ್ ಎವ್ರಿಥಿಂಗ್ ರೈಟ್.”

“ಎಲ್ಲಾ ಸರಿಯಾಗೇ ಮಾಡಿದೆ ಕಂದಾ.”

ನನ್ನ ಕಡೆ ಹೊರಳಿದಳು. “ದೆನ್ ವೈ, ಅಪ್ಪಾ?”

ಅವಳ ಕೈ ಹಿಡಿದುಕೊಂಡೆ. ಅವಳೇ ಏನಾದರೂ ತಪ್ಪು ಮಾಡಿದ್ದರೆ ಅದನ್ನು ತಿದ್ದಬಹುದಿತ್ತು, ಮುಂದಿನ ಸಲಕ್ಕೆ ಪಾಠವಾದರೂ ಆಗುತ್ತಿತ್ತು. ನನ್ನ ಬಳಿ ಅಂಥದ್ದು ಯಾವುದೂ ಇರಲಿಲ್ಲ. ಗಂಡನಿಗೆ ವರ್ಗವಾಗಿ ತಿಂಗಳ ಕೊನೆಯಲ್ಲಿ ಊರು ಬಿಡುವ ಮುಂಚೆ ಕ್ಲೇರ್ ಬಂದಾಗ ಅವಳನ್ನೂ ಇಂಚರ ಇದೇ ಕೇಳಿದಳು. ಅಷ್ಟೆಲ್ಲ ಮಾತಿನ ಕ್ಲೇರ್ ಅವಳ ಹಣೆಗೆ ಮುತ್ತಿಟ್ಟು, ಬಾಗಿಲಾಚೆ ಬಂದು ಗೋಡೆ ಹಿಡಿದು ನಿಂತಳು.

ಯಾವ ದಿನ ಸರಿಹೋಗಲು ಶುರುವಾಯಿತೋ ನಮಗೆ ತಿಳಿಯಲಿಲ್ಲ. ಆಗಸ್ಟಿನಲ್ಲಿ ಕಂಬಳಿಯ ಒಂದು ಅಂಚು ಕಿಟಕಿಯಿಂದ ಸರಿಯಿತು. ಆಮೇಲೆ ಪೂರ್ತಿ ಇಳಿಯಿತು. ಸುಮಾ ಹೆದರುತ್ತ ಹೆದರುತ್ತ ಒಂದು ದಿನ ಕುಕ್ಕರು ಇಟ್ಟಳು. ಸೀಟಿ ಕೂಗಿದಾಗ ನಾವಿಬ್ಬರೂ ಕೋಣೆಯ ಕಡೆ ನೋಡಿದೆವು. “ಹಸಿವಾಗ್ತಿದೆ,” ಎಂಬ ದನಿ ಬಂತು. ಅಕ್ಟೋಬರಿನಲ್ಲಿ ಜಕರಂಡಾ ಹೂ ರಸ್ತೆ ತುಂಬಿದಾಗ ಅವಳು ನನ್ನೊಡನೆ ಶಾಲೆಯವರೆಗೆ ನಡೆದು ಬಂದಳು. ಪರೀಕ್ಷೆ ಮುಂದಿನ ವರ್ಷಕ್ಕೆ. ಆಟದ ವಿಷಯ ಡಾಕ್ಟರು ಸುತ್ತಿ ಬಳಸಿ ಮಾತಾಡಲಿಲ್ಲ: ಇನ್ನೊಂದು ಏಟು ಬಿದ್ದರೆ ನಾನು ಹೊಣೆಯಲ್ಲ, ಅಷ್ಟೇ.

ಇಂಚರ ಅತ್ತಿದ್ದನ್ನು ನಾವು ನೋಡಲಿಲ್ಲ. ಒಂದೇ ಒಂದು ಕೇಳಿದಳು: ಒಂದು ಸಲ ರಿಂಕಿಗೆ ಕರೆದುಕೊಂಡು ಹೋಗಬೇಕು. ಸುಮಾ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನೇ ಬ್ಯಾಗು ಹಿಡಿದು ಕಾರಿನಲ್ಲಿ ಕೂತಳು.

ವಾರದ ನಡುವಿನ ಬೆಳಿಗ್ಗೆ. ಹೊರಗೆ ಬಿಸಿಲು, ಕರೆಂಟು ಇತ್ತು, ಮಂಜು ಗಾಜಿನಂತೆ ಗಟ್ಟಿ. ನಾವಲ್ಲದೆ ಯಾರೂ ಇರಲಿಲ್ಲ. ಇಂಚರ ಹೆಲ್ಮೆಟ್ಟು ಹಾಕಿ ಮುಂದಕ್ಕೆ ಒಂದು ಸುತ್ತು ಹಾಕಿದಳು. ಸೊಗಸಾಗಿ, ಏನೂ ಆಗದವಳಂತೆ. ನಡುವೆ ಬಂದು ಹಿಂದಕ್ಕೆ ತಿರುಗಿದಳು. ಒಂದೆರಡು ಹೆಜ್ಜೆ ಸರಿದು ನಿಂತಳು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಳು. ಪ್ಯಾಡಿಲ್ಲದೆ, ಬಾಡಿಗೆ ಸ್ಕೇಟಿನಲ್ಲಿ ಗೋಡೆ ಹಿಡಿದುಕೊಂಡಿದ್ದ ನಾನು ಅವಳ ಹಿಂದೆ ಹೋಗಿ ನಿಲ್ಲಲು ಹೊರಟೆ.

“ಹಿಂದೆ ಬೇಡ,” ಎಂದಳು. “ಎದುರಿಗೆ ಬಾ. ಯು ಆರ್ ದ ಅಟ್ಯಾಕರ್.”

“ನಂಗೆ ಸ್ಕೇಟ್ ಮಾಡಕ್ಕೆ ಬರಲ್ಲ ಕಣೇ.”

“ಬಾ ಅಪ್ಪಾ.”

ಗೋಡೆ ಬಿಟ್ಟೆ. ಕೈ ಅಗಲಿಸಿ, ಹೊಸದಾಗಿ ನಡೆಯುವ ಮಗುವಿನಂತೆ ನನ್ನ ಮಗಳ ಮೇಲೆ ನುಗ್ಗಿ ಹೋದೆ. ಅವಳು ನನ್ನ ಎದೆಯ ಮೇಲೆ ಕಣ್ಣಿಟ್ಟು ಮಂಡಿ ಬಾಗಿಸಿದಳು. ನಾನು ಮುಂದೆ ಇಟ್ಟಷ್ಟು ಅವಳು ಹಿಂದೆ ಸರಿದಳು. ನಾನು ನಿಂತುಬಿಟ್ಟರೆ ಅವಳೂ ನಿಲ್ಲುತ್ತಾಳೆ, ಬೀಳುವುದಿಲ್ಲ. ನಿಲ್ಲಬೇಕೆಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ನಿಂತರೆ ಅವಳು ಮತ್ತೆಂದೂ ನನ್ನನ್ನು ಕರೆಯಲಾರಳು ಎಂಬುದೂ ಗೊತ್ತಿತ್ತು. ಹೋಗುತ್ತಲೇ ಇದ್ದೆ. ಅವಳ ತುಟಿ ಬೆಳ್ಳಗಾಗಿತ್ತು, ಕಣ್ಣಲ್ಲಿ ನೀರು ತುಂಬಿ ಸುರಿಯುತ್ತಿತ್ತು; ಕಾಲು ಮಾತ್ರ ಅರ್ಧಚಂದ್ರ ಕೊರೆಯುವುದನ್ನು ಬಿಡಲಿಲ್ಲ. ಗಾಜಿನಾಚೆ ಸುಮಾ ಎದ್ದು ನಿಂತಿದ್ದಳು. ಕೊನೆಗೆ ಇಂಚರಳ ಬೆನ್ನು ಆ ತುದಿಯ ಗೋಡೆಗೆ ಮೆತ್ತಗೆ ತಾಗಿತು.

ಇಬ್ಬರೂ ಏದುಸಿರು ಬಿಡುತ್ತಿದ್ದೆವು. “ನೋಡು,” ಎಂದಳು, “ನೀನು ನನ್ನ ದಾಟಕ್ಕಾಗ್ಲಿಲ್ಲ.”

“ಆಗ್ಲಿಲ್ಲ.”

“ಸಾಕು. ಇನ್ನು ಬರೋದು ಬೇಡ.”

ಹೆಲ್ಮೆಟ್ಟು ತೆಗೆದು ಗೋಡೆಯ ಮೇಲಿಟ್ಟಳು. ಹಾಗೇ ಜಾರಿ ಮಂಜಿನ ಮೇಲೆ ಕೂತು ಸ್ಕೇಟಿನ ಲೇಸಿಗೆ ಕೈ ಹಾಕಿದಳು. ನಾನೂ ಎದುರಿಗೆ ಮಂಡಿಯೂರಿದೆ. ಲೇಸು ನೀರು ಹೀರಿ ಗಂಟು ಕಲ್ಲಾಗಿತ್ತು. ಉಗುರು ಹಾಕಿ ನೋಡಿದೆ, ಹಲ್ಲು ಹಾಕಲೂ ಬಗ್ಗಿದೆ. ಬೆರಳು ಮರಗಟ್ಟಿ ಎಲ್ಲಿ ಹಿಡಿದಿದ್ದೇನೆಂದೇ ತಿಳಿಯುತ್ತಿರಲಿಲ್ಲ. ಸ್ವಲ್ಪ ಹೊತ್ತು ಅವಳು ನನ್ನ ಒದ್ದಾಟ ನೋಡಿದಳು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಸರಿಸಿದಳು.

“ಬಿಡು ಅಪ್ಪಾ. ನಾನೇ ಬಿಚ್ಕೋತೀನಿ.”